ನಾವು ಪೂರ್ತಿ ನೋಡದ ಸಿನಿಮಾ

ಡ್ರಾಯಿಂಗ್ ಸರ್ ತೋರಿಸಿದ ಸಿನಿಮಾಗಳಲ್ಲಿ ಒಂದನ್ನೂ ನಾನು ಸಂತೋಷದಿಂದ ನೋಡಿದವಳಲ್ಲ. ಹೀಗೆ ಶುರು ಮಾಡಿದ್ದಕ್ಕೆ ಅವರಿಗೆ ಬೇಸರವೇನೂ ಆಗುತ್ತಿರಲಿಲ್ಲ. "ಸಂತೋಷ ಬೇಕಾದ್ರ ಸಂತಿಗೆ ಹೋಗ್ರಿ ಟೀಚರ್, ಬಿಸಿ ಮಿರ್ಚಿ ಭಜಿ ಸಿಗ್ತಾವ" ಎಂದು ನನಗೇ ಎಷ್ಟೋ ಸಲ ಹೇಳಿದ್ದರು. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಯಾದಗಿರಿಗೆ ಬಂದಾಗ ನನಗೆ ಮೊದಲು ನೆನಪಾದದ್ದು ಆ ಮಿರ್ಚಿ ಭಜಿಯೇ. ನಗು ಬಂದುಬಿಟ್ಟಿತು. ಸಾವಿನ ಸುದ್ದಿ ಕೇಳಿ ನಗುತ್ತೀಯಲ್ಲೇ ಎಂದು ನನ್ನನ್ನು ನಾನೇ ಬೈದುಕೊಂಡೆ, ಆಮೇಲೆ ಕೂತು ಅತ್ತೆ.

ಶಹಾಪುರದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಅವರು ಚಿತ್ರಕಲೆ. ಮಕ್ಕಳಿಗೂ ಊರಿಗೂ ಅವರು ಡ್ರಾಯಿಂಗ್ ಸರ್. ಮೂಲ ಸುರಪುರದವರು. ಅಜ್ಜನ ಕಾಲದಲ್ಲಿ ಮನೆಯಲ್ಲಿ ಬಂಗಾರದ ರೇಕಿನ ಚಿತ್ರ ಬರೆಯುತ್ತಿದ್ದರಂತೆ. ಮೊಮ್ಮಗನ ಕೈಗೆ ಬಂದದ್ದು ಸೀಮೆಸುಣ್ಣ. ನಮ್ಮ ಮನೆ ಮತ್ತು ಅವರ ಮನೆ ಎದುರುಬದುರು, ನಡುವೆ ಒಂದು ಎತ್ತಿನ ಬಂಡಿ ಹೋಗುವಷ್ಟು ಓಣಿ. ಅವರ ಮನೆಯಲ್ಲಿ ಸಾರಿಗೆ ಒಗ್ಗರಣೆ ಬಿದ್ದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವರು ನನಗೆ ತಂಗಿ ಎನ್ನುತ್ತಿದ್ದರು. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ನೀಲಾ.

ಎಲ್ಲ ಡ್ರಾಯಿಂಗ್ ಮಾಸ್ತರರ ಹಾಗೆ ಬಾಳೆಹಣ್ಣು, ಹೂಜಿ ಬರೆಸಿ ಪೀರಿಯಡ್ ಕಳೆಯುವ ಪೈಕಿ ಅವರಲ್ಲ. ಶಹಾಪುರದ ಗುಡ್ಡ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆಂದು ಎಲ್ಲರಿಗೂ ಗೊತ್ತು. ಮಕ್ಕಳು ಆ ಗುಡ್ಡ ಬರೆಯುವಾಗ ಮೊದಲೇ ಕಣ್ಣು, ಮೂಗು, ತುಟಿ ಎಲ್ಲ ಇಟ್ಟುಬಿಡುತ್ತಿದ್ದರು. ಅವರು ಅಳಿಸಿ ಹಾಕಿಸುತ್ತಿದ್ದರು. "ಅಲ್ಲಿ ಇರೋದು ಕಲ್ಲು. ಮೊದಲ ಕಲ್ಲು ಬರೀರಿ. ಬುದ್ಧಗ ಬರೂದಿದ್ರ ತಾನಾಗೇ ಬರ್ತಾನ." ಇದ್ದದ್ದನ್ನು ಇದ್ದ ಹಾಗೆ ನೋಡಬೇಕೆನ್ನುವುದು ಅವರಿಗೆ ಹಠವೇ ಆಗಿತ್ತು. ಊರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತಿತ್ತು. ನನಗೂ ಕೆಲವು ಸಲ ಹಾಗೇ ಕಂಡಿದೆ.

ಸಿನಿಮಾ ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ ಚಿತ್ರಕಲೆ ಕಲಿಯುವಾಗ. ಅಲ್ಲಿಯ ಗುಜರಿ ಬಜಾರಿನಲ್ಲಿ ಒಂದು ಹಳೇ ಪ್ರೊಜೆಕ್ಟರ್ ಕೊಂಡು, ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರಂತೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಸಿನಿಮಾ. ಯಾವುಯಾವುದೋ ದೇಶದ್ದು. ದೊಡ್ಡ ಊರಿನ ಫಿಲ್ಮ್ ಸೊಸೈಟಿಯವರು ತಗಡಿನ ಡಬ್ಬಿಯಲ್ಲಿ ರೈಲಿಗೆ ಹಾಕಿ ಕಳಿಸುತ್ತಿದ್ದರು, ಇವರು ಯಾದಗಿರಿ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡು ಬರುತ್ತಿದ್ದರು. ಹಾಲಿನ ಕಿಟಕಿಗಳಿಗೆಲ್ಲ ಕುರುಬರ ಓಣಿಯಿಂದ ತಂದ ಕರಿ ಕಂಬಳಿ, ಬಾಗಿಲಿಗೆ ಎರಡು ಕಂಬಳಿ. ಹೊರಗೆ ತಲೆ ಒಡೆಯುವ ಬಿಸಿಲು, ಒಳಗೆ ಕತ್ತಲೆ, ಸೆಕೆ, ಉಣ್ಣೆಯ ವಾಸನೆ. ಅದರಲ್ಲಿ ಕೂತು ನಾವು ಹಿಮ ಬೀಳುವುದನ್ನು ನೋಡುತ್ತಿದ್ದೆವು.

ನಿಯಮ ಒಂದೇ. ಸಿನಿಮಾ ನಡೆಯುವಾಗ ಬಾಗಿಲು ತೆಗೆಯುವ ಹಾಗಿಲ್ಲ. ಒಮ್ಮೆ ಹೆಡ್‌ಮಾಸ್ತರರಿಗೆ ಹೊರಗೆ ಹೋಗುವ ಅವಸರ ಬಂದು ಬಾಗಿಲ ಕಂಬಳಿ ಎತ್ತಿದಾಗ, "ಸರ್, ಬೆಳಕು ಒಳಗ ಬಂದ್ರ ಚಿತ್ರ ಸಾಯ್ತದ" ಎಂದು ಗದರಿಸಿದ್ದರು. ಪಾಪ, ಹೆಡ್‌ಮಾಸ್ತರರು ಮತ್ತೆ ಕೂತರು. ಆ ಕಷ್ಟವನ್ನು ಅವರು ಬಹಳ ದಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದರು.

ಇನ್ನೊಮ್ಮೆ ಮಕ್ಕಳಿಗೆಂದು ಒಂದು ಕುದುರೆಯ ಸಿನಿಮಾ ತರಿಸಿದ್ದರು. ಕೊನೆಯಲ್ಲಿ ಕುದುರೆ ಸತ್ತಿತು. ಇಡೀ ಎಂಟನೇ ಇಯತ್ತೆಯ ತರಗತಿ ಗೊಳೋ ಎಂದು ಅಳತೊಡಗಿತು. ಹೆಡ್‌ಮಾಸ್ತರರು ಓಡಿಬಂದು, "ಸರ್, ಆಮ್ಯಾಲ ಅದಕ್ಕ ಆರಾಮಾತು ಅಂತ ಒಂದು ಮಾತು ಹೇಳಿಬಿಡ್ರಿ, ಕೂಸುಗಳು ಹೆದರ್‍ಯಾವ" ಎಂದರು. ಇವರು ಮಕ್ಕಳ ಕಡೆ ತಿರುಗಿ, "ಕುದುರಿ ಸತ್ತದ. ಸತ್ತದ್ದು ಹೊಳ್ಳಿ ಬರಂಗಿಲ್ಲ. ಅಳ್ರಿ" ಎಂದುಬಿಟ್ಟರು. ನಾನು ಅವರ ಮೇಲೆ ಸಿಟ್ಟಾದೆ. ಒಂದು ಸಣ್ಣ ಸುಳ್ಳು ಹೇಳಿದ್ದರೆ ನಾಲಿಗೆ ಉದುರುತ್ತಿತ್ತೇ ಎಂದೆ. "ಹೌದ್ರಿ ಟೀಚರ್, ಉದುರ್ತಿತ್ತು" ಎಂದರು, ಮುಖದ ಮೇಲೆ ನಗುವೇ ಇಲ್ಲ.

ಅದು ನಮ್ಮ ಕಡೆ ಕಾಲುವೆ ಬಂದ ಹೊಸದು. ಜೋಳ, ತೊಗರಿ ಬೆಳೆಯುತ್ತಿದ್ದ ಕರಿ ಹೊಲಗಳಲ್ಲಿ ಭತ್ತ ನಿಂತಿತು. ಆಂಧ್ರದವರು ಬಂದು ಕ್ಯಾಂಪು ಹಾಕಿದರು. ಸೊಳ್ಳೆ ಬಂತು, ರೊಕ್ಕ ಬಂತು, ಮೋಟರ್ ಸೈಕಲ್ಲು ಬಂತು. ನೀರನ್ನು ಬಾವಿಯಲ್ಲೂ ಕೆರೆಯಲ್ಲೂ ಮಾತ್ರ ಕಂಡ ನಮ್ಮ ಮಂದಿಗೆ ಕಾಲುವೆಯ ನೀರಿನ ಗುಣ ಗೊತ್ತಿರಲಿಲ್ಲ. ಬಾವಿಗೆ ಮೆಟ್ಟಿಲಿರುತ್ತದೆ, ಕೆರೆಗೆ ದಂಡೆಯಿರುತ್ತದೆ. ಕಾಲುವೆಗೆ ಇರುವುದು ಇಳಿಜಾರು ಸಿಮೆಂಟು, ಅದರ ಮೇಲೆ ಪಾಚಿ. ಒಮ್ಮೆ ಜಾರಿದವರಿಗೆ ಹಿಡಿದುಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇಲ್ಲ. ನೀಲಾ ಗೆಳತಿಯರ ಜೊತೆ ನೀರು ನೋಡಲು ಹೋದವಳು ಕಾಲು ತೊಳೆಯಲು ಇಳಿದಳು. ಮುಂದಿನ ಗೇಟಿನ ಹತ್ತಿರ ಸಿಕ್ಕಳು. ಆಗ ಅವಳು ಆರನೇ ಇಯತ್ತೆ. ಭಾಗಾಕಾರ ಎಂದರೆ ಹೆದರುತ್ತಿದ್ದಳು, ಚಿತ್ರ ಮಾತ್ರ ಅಪ್ಪನಿಗಿಂತ ಚಂದ ಬರೆಯುತ್ತಿದ್ದಳು.

ಸತ್ತ ಮನೆಗೆ ಮಾತಾಡಿಸಲು ಹೋಗುವುದು ನಮ್ಮಲ್ಲಿ ಹಬ್ಬಕ್ಕಿಂತ ದೊಡ್ಡ ಕರ್ತವ್ಯ. ಮದುವೆ ತಪ್ಪಿಸಿದರೆ ಕ್ಷಮೆ ಇದೆ, ಇದಕ್ಕಿಲ್ಲ. ಆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ, ಅದಕ್ಕೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಹೆಂಗಸರು ಹೊಸ್ತಿಲಲ್ಲಿ ಆ ಮನೆಯವಳ ಕೊರಳಿಗೆ ಬಿದ್ದು ಹಾಡಿಕೊಂಡು ಅಳುತ್ತಾರೆ. ಸತ್ತವರ ಹೆಸರು ಹಿಡಿದು ಕರೆಯುತ್ತಾರೆ, ಅವರು ಉಂಡದ್ದು ಉಟ್ಟದ್ದು ಎಲ್ಲ ಹಾಡಿನಲ್ಲಿ ಬರುತ್ತದೆ. ಆಮೇಲೆ ಒತ್ತಾಯ ಮಾಡಿ ಬಾಯಿಗೆ ತುತ್ತಿಡುತ್ತಾರೆ. ಅಲ್ಲಿಯತನಕ ಕಲ್ಲಿನ ಹಾಗೆ ಕೂತವರೂ ಆಗ ಅಳುತ್ತಾರೆ, ಅತ್ತ ಮೇಲೆ ಒಂದು ಚೂರು ರೊಟ್ಟಿ ಇಳಿಯುತ್ತದೆ.

ಮೂರನೆಯ ದಿನ ನಮ್ಮ ಓಣಿಯ ಹೆಂಗಸರು ಬುತ್ತಿ ಹೊತ್ತುಕೊಂಡು ಬಂದರು. ಮುಂದೆ ಮಲ್ಲವ್ವ. ಬಾಣಂತನ ಇರಲಿ, ಸಾವಿರಲಿ, ಓಣಿಯಲ್ಲಿ ಅವಳೇ ಮುಂದು. ದನಿ ಎತ್ತಿದರೆ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ನಾನು ಒಳಗೆ ಅಕ್ಕನ ಪಕ್ಕದಲ್ಲಿದ್ದೆ. ಆ ಮೂರೂ ದಿನ ಅಕ್ಕ ಅತ್ತಿರಲಿಲ್ಲ. ಮಲ್ಲವ್ವ ಹೊಸ್ತಿಲಲ್ಲಿ ಅಕ್ಕನ ಕೊರಳಿಗೆ ಕೈ ಹಾಕಿ, "ಎಲ್ಲಿ ಹೋದೇ ನನ್ನ ನೀಲಾ" ಎಂದು ದನಿ ತೆಗೆದಳು. ಅಕ್ಕನ ಬಾಯಿ ತೆರೆಯಿತು. ಅಷ್ಟರಲ್ಲಿ ಸರ್ ನಡುವೆ ಬಂದು ನಿಂತರು.

"ಸಾಕು. ಇದು ನಾಟಕ. ನನ್ನ ಮನ್ಯಾಗ ಈ ನಾಟಕ ಬ್ಯಾಡ. ಹೋಗ್ರಿ."

ಬಾಗಿಲು ಹಾಕಿದರು. ಹೊರಗೆ ಹೆಂಗಸರು ಬುತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಒಳಗೆ ಅಕ್ಕನ ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ನಾನು ಕಣ್ಣಾರೆ ನೋಡಿದೆ.

ಯಾಕೆ ಹಾಗೆ ಮಾಡಿದಿರಿ ಎಂದು ಎಷ್ಟೋ ದಿನದ ಮೇಲೆ ಕೇಳಿದ್ದಕ್ಕೆ ಅವರೇ ಹೇಳಿದ್ದು: ಸುರಪುರದಲ್ಲಿ ಅವರ ಅವ್ವ ಸತ್ತಾಗ ಬಂದ ಹೆಂಗಸರು ಎದೆ ಎದೆ ಬಡಿದುಕೊಂಡು ಅತ್ತರಂತೆ, ಓಣಿಯ ತಿರುವು ದಾಟಿದ್ದೇ ಸೀರೆಯ ದರ ಮಾತಾಡತೊಡಗಿದರಂತೆ. ಅದನ್ನು ಅವರು ಕಿವಿಯಾರೆ ಕೇಳಿದ್ದರು. ಆವತ್ತಿನಿಂದ ಹಾಡಿಕೊಂಡು ಅಳುವುದೆಂದರೆ ಅವರಿಗೆ ಸುಳ್ಳು. ನಾನೆಂದೆ, ಅತ್ತದ್ದೂ ಖರೆ, ಸೀರೆಯ ದರವೂ ಖರೆ, ಮನುಷ್ಯರು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತಾರೆ. 

ಮಾತಾಡಿಸಲು ಬಂದು ಬಾಗಿಲು ಹಾಕಿಸಿಕೊಂಡವರು ಕರೆಯದೆ ಮತ್ತೊಮ್ಮೆ ಬರುವುದಿಲ್ಲ. ಮಾತಾಡಿಸದ ಮನೆಯವರನ್ನು ಮದುವೆಗೆ, ಸೀಮಂತಕ್ಕೆ ಕರೆಯಲೂ ಜನ ಹಿಂಜರಿಯುತ್ತಾರೆ. ಮುಖ ಕಂಡರೆ ಏನು ಮಾತಾಡಬೇಕೋ ತಿಳಿಯುವುದಿಲ್ಲ. ಹೀಗೆ ಯಾರೂ ಜಗಳವಾಡದೆಯೇ ಆ ಮನೆ ಓಣಿಯಿಂದ ಹೊರಗಾಯಿತು. ಮೂರು ವರ್ಷ. ಗಂಡ ಹೆಂಡತಿ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು: ಊಟಕ್ಕೆ ಬರ್ರಿ, ಎಣ್ಣಿ ಮುಗದದ, ಬಸ್ಸು ಬಂತು. ನೀಲಾಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಊರಿನ ನಲ್ಲಿಗೆ ಬರುವುದು ಕಾಲುವೆಯ ನೀರೆಂದು ಅಕ್ಕ ನಲ್ಲಿ ಮುಟ್ಟುವುದನ್ನೇ ಬಿಟ್ಟರು. ದೂರದ ಹಳೇ ಬಾವಿಯಿಂದ ಸವಳು ನೀರು ಹೊತ್ತು ತರುತ್ತಿದ್ದರು. ಆ ಮನೆಯ ಚಹಾ ಉಪ್ಪುಪ್ಪಾಗಿರುತ್ತಿತ್ತು. ಸರ್ ಅದನ್ನು ಒಂದು ಮಾತಾಡದೆ ಕುಡಿಯುತ್ತಿದ್ದರು. ನಾನೂ ಕುಡಿದಿದ್ದೇನೆ, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮೂರನೇ ವರ್ಷ ದೀಪಾವಳಿ ಹತ್ತಿರ ಬಂದಾಗ ಕೆಂಭಾವಿಯಿಂದ ಅಕ್ಕನ ತಮ್ಮ ಬಂದು ಹೋದ. ಮರುದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು.

"ತಂಗಿ, ಹಬ್ಬಕ್ಕ ಅಂತ ತವರಿಗೆ ಹೊಂಟೀನಿ. ಹೋದಾಕಿ ಹೊಳ್ಳಿ ಬರಂಗಿಲ್ಲ. ಈ ಮನ್ಯಾಗ ನಾ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ."

"ಸರಿಗೆ ಹೇಳೀರೇನಕ್ಕ?"

"ಹೇಳೀನಿ. ಆತು ಅಂದ್ರು."

ಆತು ಎಂದರಂತೆ! ಬಸ್ಸು ಬಂತು ಎನ್ನುವ ಹಾಗೆ.

ಅದೇ ವಾರ ಅವರು ಯಾದಗಿರಿಯಿಂದ ಒಂದು ಡಬ್ಬಿ ತಂದರು. ಭಾನುವಾರ ತೋರಿಸುವ ಸಿನಿಮಾವನ್ನು ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬರೇ ಕೂತು ನೋಡುವುದು ಅವರ ಪದ್ಧತಿ. ಆ ಶನಿವಾರ ನಾನು ವರಾಂಡದಲ್ಲಿ ಪೇಪರ್ ತಿದ್ದುತ್ತಿದ್ದೆ. ಒಳಗಿನಿಂದ ಯಂತ್ರದ ಸದ್ದು ಬರುತ್ತಿದ್ದದ್ದು ಅರ್ಧಕ್ಕೇ ನಿಂತಿತು. ಅವರು ಕಂಬಳಿ ಸರಿಸಿ ಹೊರಗೆ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತರು. ಮುಖ ಸುಣ್ಣವಾಗಿತ್ತು.

"ಏನಾತು ಸರ್?"

"ದೆವ್ವದ ಸಿನಿಮಾ ಅಂತ ಬರದಿದ್ರು. ದೆವ್ವ ಇಲ್ಲ ಅದರಾಗ."

ಬಿಟ್ಟು ಬಿಟ್ಟು ಕತೆ ಹೇಳಿದರು. ಎಲ್ಲಿಯದೋ ಹಿಮದ ದೇಶ. ಹಳ್ಳದ ನೀರಿನಿಂದ ತಿರುಗುವ ಒಂದು ಹಿಟ್ಟಿನ ಗಿರಣಿ, ಅದರಲ್ಲಿ ಗಂಡ, ಹೆಂಡತಿ, ಒಂದು ಕೂಸು. ಕೂಸು ಹಳ್ಳಕ್ಕೆ ಬಿದ್ದು ಸಾಯುತ್ತದೆ. ಸಂಜೆ ಊರವರು ಕಂದೀಲು, ರೊಟ್ಟಿ ಹಿಡಿದುಕೊಂಡು ಹಿಮ ತುಳಿಯುತ್ತ ಬರುತ್ತಾರೆ. ಗಿರಣಿಯವನು ಬಾಗಿಲಲ್ಲಿ ನಿಂತು, ನಮ್ಮ ಕೂಸು ಮಲಗಿದೆ, ಗದ್ದಲ ಮಾಡಬೇಡಿ ಎಂದು ಅಗಳಿ ಹಾಕುತ್ತಾನೆ.

"ಅಲ್ಲಿತನಕ ನೋಡಿದೆ. ಮುಂದ ನೋಡ್ಲಾಕ ಆಗ್ಲಿಲ್ಲ" ಎಂದರು. ಆಮೇಲೆ, "ನಾಳಿ ಆಕಿನ್ನ ಕರಕೊಂಡು ಬರ್ತೀರೇನು ಟೀಚರ್? ನನಗ ಬಾಯಿಲೆ ಹೇಳಾಕ ಬರಂಗಿಲ್ಲ. ಅದನ್ನ ನೋಡಿದ್ರ ಆಕಿಗೆ ತಿಳೀತದ, ನನಗ ತಿಳದದ ಅಂತ" ಎಂದರು.

ಅಕ್ಕ ಅವರ ಒಂದು ಸಿನಿಮಾಕ್ಕೂ ಬಂದವರಲ್ಲ. ಕರೆದಾಗ ಬೇಡವೆಂದರು. ಹೋಗುವ ಮುಂಚೆ ಒಂದೇ ಸಲ ಎಂದು ನಾನು ಕೈ ಹಿಡಿದುಕೊಂಡ ಮೇಲೆ ಒಪ್ಪಿದರು. ಗಂಡಸರೇ ತುಂಬಿರುವ ಆ ಹಾಲಿನಲ್ಲಿ ನಾವಿಬ್ಬರೇ ಕೂಡುವುದು ಹೇಗೆಂದು ಮಲ್ಲವ್ವನಿಗೂ ಹೇಳಿದೆ. ಎಂಥ ಸಿನಿಮಾ ಎಂದು ಅವಳು ಕೇಳಿದಳು. ಕೂಸು ಸತ್ತ ಒಂದು ಮನೆಯ ಕತೆ ಎಂದೆ.

"ಡ್ರಾಯಿಂಗ್ ಸರ್ ಕರದಾರೇನು?"

"ಹೌದವ್ವ, ಅವರ ಕರದಾರ."

ಮಲ್ಲವ್ವ ಸ್ವಲ್ಪ ಯೋಚನೆ ಮಾಡಿ, "ಆತು, ಬರ್ತೀವಿ" ಎಂದಳು.

ಭಾನುವಾರ ಮಧ್ಯಾಹ್ನ ಹಾಲಿಗೆ ಹೋಗಿ ನೋಡುತ್ತೇನೆ, ಇಡೀ ಓಣಿಯ ಹೆಂಗಸರು ಬಂದಿದ್ದಾರೆ. ಕಂಕುಳಲ್ಲಿ ಒಬ್ಬೊಬ್ಬರದೂ ಒಂದೊಂದು ಬುತ್ತಿ ಗಂಟು. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೊಸರು, ಶೇಂಗಾ ಹಿಂಡಿ. ಬ್ಯಾಂಕಿನ ಕ್ಲಾರ್ಕೊಬ್ಬರು, "ಇದೇನು ಸಿನಿಮಾನೋ, ಎಳ್ಳಮಾಸಿ ಹೊಲದೂಟಾನೋ?" ಎಂದು ನಕ್ಕರು. ಮಲ್ಲವ್ವ ಅವರನ್ನು ದಿಟ್ಟಿಸಿ ನೋಡಿ, "ಕೂಸು ಸತ್ತ ಮನಿಗೆ ಬರಿಗೈಲಿ ಬರ್ತಾರೇನ್ರೀ?" ಎಂದಳು. ನಾನು ಅವಳಿಗೆ ತಿಳಿಸಿ ಹೇಳಲು ಹೊರಟವಳು ಸುಮ್ಮನಾದೆ. ಸರ್ ಕರೆಸಿದ್ದಾರೆ ಎಂದರೆ ಅವರ ಪಾಲಿಗೆ ಒಂದೇ ಅರ್ಥ: ಮೂರು ವರ್ಷದ ಮೇಲೆ ಆ ಮನೆಯವರು ಮಾತಾಡಿಸಲು ಬನ್ನಿ ಎಂದಿದ್ದಾರೆ. ಸಿನಿಮಾ ಎನ್ನುವುದು ಓದಿದವರ ಸಂಕೋಚ.

ಕಂಬಳಿಗಳು ಇಳಿದವು, ಯಂತ್ರ ತಿರುಗತೊಡಗಿತು. ಕೂಸು ನೀರಿಗೆ ಬೀಳುವುದನ್ನು ತೋರಿಸಲಿಲ್ಲ, ನೀರಿನ ಚಕ್ರ ಒಂದು ಗಳಿಗೆ ನಿಂತು ಮತ್ತೆ ತಿರುಗಿತು, ಅಷ್ಟೇ. ಪಕ್ಕದಲ್ಲಿ ಅಕ್ಕನ ಕೈ ನನ್ನ ಕೈಯನ್ನು ಹಿಡಿಯಿತು. ಊರವರು ಕಂದೀಲು ಹಿಡಿದು ಬಂದರು. ಗಿರಣಿಯವನು ಅಗಳಿ ಹಾಕಿದ. ಕತ್ತಲೆಯಲ್ಲಿ ಮಲ್ಲವ್ವನ ದನಿ ಎದ್ದಿತು.

"ಏ, ತಗೀಯೋ ಬಾಗಲಾ! ಮಂದಿ ಥಂಡ್ಯಾಗ ನಿಂತಾರ!"

ಗಂಡಸರು ನಕ್ಕರು. ಹೆಂಗಸರು ನಗಲಿಲ್ಲ.

ಮುಂದಿನದು ನೋಡಲಿಕ್ಕೆ ಕಷ್ಟ. ಗಂಡ ಹೆಂಡತಿ ದಿನಾ ಊಟಕ್ಕೆ ಕೂತಾಗ ಸತ್ತ ಕೂಸಿಗೂ ಒಂದು ತಾಟು ಇಡುತ್ತಾರೆ. ಒಂದು ದಿನ ಆ ತಾಟಿನ ಗಂಜಿ ಖಾಲಿಯಾಗಿರುತ್ತದೆ. ನೀನೇ ತಿಂದೆ ಎಂದು ಅವನು, ನೀನೇ ಎಂದು ಅವಳು. ಮಾತಿಲ್ಲ, ಬರಿ ನೋಟ. ಆಮೇಲೆ ಒಂದು ದಿನ ಅವಳು ಅವನ ಕೂದಲು ಹಿಡಿದು ಬಿಸಿ ಗಂಜಿಯನ್ನು ಬಾಯಿಗೆ ತುರುಕುತ್ತಾಳೆ, ಅವನು ಉಸಿರುಗಟ್ಟಿ ಒದ್ದಾಡುತ್ತಾನೆ, ಅವಳು ಬಿಡುವುದಿಲ್ಲ. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು. ಮನುಷ್ಯರು ಇಷ್ಟು ಕ್ರೂರಿಗಳಾಗಲು ದೆವ್ವ ಯಾಕೆ ಬೇಕು, ಬಾಗಿಲು ಹಾಕಿಕೊಂಡು ಇಬ್ಬರೇ ಕೂತರೆ ಸಾಕು ಎಂದು ನನಗೆ ಆಗ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಒಂದು ಮುಂಜಾನೆ ಊರೂರು ಸೂಜಿ ದಾರ ಮಾರುವ ಹೆಂಗಸಿನ ಮಗುವನ್ನು ಗಿರಣಿಯವನು ಕೈ ಹಿಡಿದು ಮನೆಗೆ ಕರೆತರುತ್ತಾನೆ. ಸತ್ತ ಕೂಸಿನ ತಾಟಿನ ಮುಂದೆ ಕೂಡಿಸುತ್ತಾನೆ. ಮಗು ನಗುತ್ತಿದೆ. ಅವನ ಕೈ ಅಗಳಿಯ ಕಡೆ ಹೋಗುತ್ತದೆ.

ಆಗ ಅಕ್ಕ ಎದ್ದು ನಿಂತರು. ಪರದೆಗೆ ಬೆನ್ನು ಮಾಡಿ ಯಂತ್ರದ ಕಡೆ ತಿರುಗಿದರು.

"ರೀ, ಬಾಗಲಾ ತಗೀರಿ."

ಗಂಡಸರೆಲ್ಲ ತಿರುಗಿ ನೋಡಿದರು.

"ಬಾಗಲಾ ತಗೀರಿ ಅಂದೆ. ನೀಲಾನ ಸಲುವಾಗಿ ಬಂದೋರು ಹೊರಗ ನಿಂತಾರ."

ಸರ್ ಯಂತ್ರ ನಿಲ್ಲಿಸಲಿಲ್ಲ, ನೆಟ್ಟಗೆ ಬಾಗಿಲ ಕಡೆ ಹೋದರು. ಕಂಬಳಿ ಎರಡನ್ನೂ ಕಿತ್ತು ಕೆಳಗೆ ಹಾಕಿದರು, ಬಾಗಿಲಿನ ಎರಡೂ ಕದ ಗೋಡೆಗೆ ಬಡಿಯುವ ಹಾಗೆ ತೆಗೆದರು. ಶಹಾಪುರದ ಮಧ್ಯಾಹ್ನದ ಬಿಸಿಲು ಒಮ್ಮೆಲೇ ಒಳಗೆ ನುಗ್ಗಿತು. ಪರದೆಯ ಮೇಲೆ ಹಿಮವೂ ಹೋಯಿತು, ಗಿರಣಿಯೂ ಹೋಯಿತು, ಬರಿ ಬಿಳಿ ಬಟ್ಟೆ ಉಳಿಯಿತು.

ಮಲ್ಲವ್ವ ಎದ್ದು ಬಂದು ಅಕ್ಕನ ಕೊರಳಿಗೆ ಕೈ ಹಾಕಿದಳು. ಈ ಸಲ ಮೊದಲು ದನಿ ತೆಗೆದದ್ದು ಅಕ್ಕ.

"ಕಾಲು ತೊಳಿಯಾಕ ಹೋದ್ಯಲ್ಲ ನನ್ನ ನೀಲಾ... ಮನ್ಯಾಗ ನೀರಿದ್ದಿಲ್ಲೇನ ನನ್ನ ಕೂಸ... ಅರ್ಧ ಚಿತ್ರ ಬರದಿಟ್ಟು ಹೋದ್ಯಲ್ಲ, ಬಣ್ಣ ಯಾರು ತುಂಬಲಿ ನನ್ನವ್ವ..."

ಮೂರು ವರ್ಷದ್ದು ಒಂದೇ ಸಲ ಬಂತು. ಹೆಂಗಸರೆಲ್ಲ ಸುತ್ತ ಕೂತು ದನಿಗೂಡಿಸಿದರು. ಹೆಡ್‌ಮಾಸ್ತರರು, ಬ್ಯಾಂಕಿನವರು ಗೋಡೆಗೆ ಆತು ನಿಂತರು, ಯಾರೂ ಹೊರಗೆ ಹೋಗಲಿಲ್ಲ. ನಮ್ಮಲ್ಲಿ ಗಂಡಸರು ಹಾಡಿಕೊಂಡು ಅಳುವುದಿಲ್ಲ. ಆದರೂ ಸರ್ ಬಂದು ಹೆಂಗಸರ ನಡುವೆ, ಅಕ್ಕನ ಎದುರಿಗೆ ನೆಲದ ಮೇಲೆ ಕೂತರು. "ನೀಲಾ" ಎಂದರು. ಮೂರು ವರ್ಷದಲ್ಲಿ ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹಾಡಲು ಹೋದರು. ದನಿ ಎಲ್ಲೆಲ್ಲೋ ಹೋಯಿತು, ಮಾತು ಸಿಗಲಿಲ್ಲ, "ನೀಲಾ, ನೀಲಾ" ಎಂದು ತೊದಲುತ್ತ ಕೂತರು. ಮಲ್ಲವ್ವ ಸೆರಗಿನಿಂದ ಅವರ ಮುಖ ಒರೆಸಿ, "ಸರ್, ನೀವು ಸುಮ್ನ ಅಳ್ರಿ. ಹಾಡೋದು ನಮಗ ಬಿಡ್ರಿ" ಎಂದಳು.

ಅವರು ಅತ್ತರು. ಆಮೇಲೆ ಹೆಂಗಸರು ಬುತ್ತಿ ಬಿಚ್ಚಿದರು. ಮಲ್ಲವ್ವ ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ಮೊದಲು ಅಕ್ಕನ ಬಾಯಿಗೆ, ಆಮೇಲೆ ಅವರ ಬಾಯಿಗೆ ಇಟ್ಟಳು. ಫಿಲ್ಮು ಎಂದೋ ಮುಗಿದು, ರೀಲಿನ ತುದಿ ಯಂತ್ರಕ್ಕೆ ಟಪಟಪ ಬಡಿಯುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಓಣಿಗೆ ಮರಳುವಾಗ ಹೆಂಗಸರು ಹಸಿಮೆಣಸಿನಕಾಯಿಯ ದರ ಮಾತಾಡಿಕೊಂಡು ಹೋದರು. ಸರ್ ನನ್ನ ಪಕ್ಕದಲ್ಲೇ ಇದ್ದರು, ಅವರಿಗೂ ಕೇಳಿಸಿತು.

ಇಷ್ಟಾದ ಮೇಲೆ ಅಕ್ಕ ಊರಿಗೆ ಹೋಗುವುದನ್ನು ಬಿಟ್ಟರು ಎಂದು ಬರೆದರೆ ಚಂದ. ಆದರೆ ಅವರು ಹೋದರು. ಅತ್ತ ಮಾತ್ರಕ್ಕೆ ಮೂರು ವರ್ಷ ತೊಳೆದುಹೋಗುವುದಿಲ್ಲ. ದೀಪಾವಳಿಗೆ ಮೊದಲೇ ಕೆಂಭಾವಿಯ ಬಸ್ಸು ಹತ್ತಿದರು, ಟ್ರಂಕಿನ ಸಮೇತ. ಸರ್ ಭಾನುವಾರ ಭಾನುವಾರ ಕೆಂಭಾವಿಗೆ ಹೋಗತೊಡಗಿದರು, ಸಿನಿಮಾ ನಿಂತಿತು. ಅಕ್ಕನ ತಮ್ಮ ಸಿಕ್ಕಾಗ ನಾನು ವಿಚಾರಿಸಿದೆ. "ಮಾವ ಬಂದು ಕಟ್ಟಿ ಮ್ಯಾಲ ಕೂಡ್ತಾರ್ರಿ. ಅಕ್ಕ ಚಾ ಕೊಡ್ತಾಳ. ಇಬ್ರೂ ಕೂಸಿನ ಮಾತು ಆಡ್ತಾರ. ಸಂಜಿ ಬಸ್ಸಿಗೆ ಹೋಗ್ತಾರ. ಬಾ ಅಂತ ಅವರು ಅನ್ನಂಗಿಲ್ಲ, ಬರ್ತೀನಿ ಅಂತ ಈಕಿ ಅನ್ನಂಗಿಲ್ಲ."

ಎಳ್ಳಮಾವಾಸ್ಯೆಯ ಮುಂದಿನ ವಾರ ಎದುರುಮನೆಯಲ್ಲಿ ಒಗ್ಗರಣೆಯ ವಾಸನೆ ಬಂದು ನನಗೆ ಸೀನು ಬಂತು. ಓಡಿಹೋಗಿ ನೋಡಿದರೆ ಅಕ್ಕ ಒಲೆಯ ಮುಂದೆ ಇದ್ದಾರೆ. ಹೇಗೆ ಬಂದಿರಿ, ಏನಾಯಿತು ಎಂದು ಕೇಳಿದೆ. "ಬಸ್ಸಿಗೆ ಬಂದೆ" ಎಂದರು. ಅಷ್ಟಕ್ಕೇ ಬಿಟ್ಟೆ. ಚಹಾ ಕೊಟ್ಟರು, ಸಿಹಿನೀರಿನದು.

ಆ ಸಿನಿಮಾದ ಕೊನೆ ನಾವು ಯಾರೂ ನೋಡಲಿಲ್ಲ. ಡಬ್ಬಿ ತಿರುಗಿ ಕಳಿಸುವ ಮುಂಚೆ ಸರ್ ಒಬ್ಬರೇ ಕೂತು ನೋಡಿದ್ದರು. ಏನಾಯಿತು ಸರ್ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದೆ. ಆ ಮಗುವಿಗೆ ಏನಾಯಿತೋ ಎಂದು ನನಗೆ ನಿದ್ದೆ ಬಂದಿರಲಿಲ್ಲ.

"ಬಾಗಲಾ ತಗಿಯಂಗಿಲ್ಲ" ಎಂದರು. "ಮಗುವಿನ ಅವ್ವ ಹೊರಗ ನಿಂತು ಬಡೀತಾಳ. ಒಳಗ ತಾಟಿನ ಸಪ್ಪಳ ಕೇಳ್ತದ. ಹಿಮ ಬಿದ್ದು ಬಾಗಲಾ ಮುಚ್ಚಿಹೋಗ್ತದ. ಅಷ್ಟ."

ಅವರು ರಿಟೈರಾದರು, ಆಮೇಲೆ ನಾನೂ ಆಗಿ ಯಾದಗಿರಿಗೆ ಬಂದು ನೆಲೆಸಿದೆ. ಮಲ್ಲವ್ವ ಹೋಗಿ ವರ್ಷಗಳಾದವು. ಅವಳನ್ನು ಮಣ್ಣು ಮಾಡಿದ ದಿನ ಸರ್ ಬುತ್ತಿ ಹೊತ್ತುಕೊಂಡು ಅವಳ ಮನೆಗೆ ಹೋಗಿದ್ದರಂತೆ. ಈಗ ಅವರ ಸರದಿ.

ಬುತ್ತಿ ಕಟ್ಟಿಕೊಂಡು ಶಹಾಪುರಕ್ಕೆ ಹೋದೆ. ಮನೆಯ ತುಂಬ ಜನ, ಓಣಿಯ ತುಂಬ ಚಪ್ಪಲಿ. ಅಕ್ಕ ನನ್ನ ಕೊರಳಿಗೆ ಬಿದ್ದು ಹಾಡಿಕೊಂಡು ಅತ್ತರು. ನನಗೆ ಹಾಡಲು ಬರುವುದಿಲ್ಲ, ಸುಮ್ಮನೆ ಅತ್ತೆ. ಜನ ಕಡಿಮೆಯಾದ ಮೇಲೆ ಇಬ್ಬರೂ ಗೋಡೆಗೆ ಆತು ಕೂತೆವು.

"ತಂಗಿ, ಆ ಹಿಮದ ಸಿನಿಮಾ ನೆನಪದ ಏನು?"

"ಇಲ್ಲದ ಏನಕ್ಕ."

"ಅದರ ಕೊನಿ ನಾ ಒಮ್ಮೆ ಕೆಂಭಾವ್ಯಾಗ ಕೇಳಿದ್ದೆ. ನಮ್ಮ ತಮ್ಮನ ಕಟ್ಟಿ ಮ್ಯಾಲ ಕುಂತಿದ್ರು. ಆ ಕೂಸಿಗೆ ಏನಾತ್ರೀ ಅಂದೆ. ಬಾಗಲಾ ತಗದ ಅಂದ್ರು. ಊರ ಮಂದಿ ಎಲ್ಲಾ ಒಳಗ ಬಂದ್ರಂತ. ಕೂಸಿನ್ನ ಎತ್ತಿ ಅದರ ಅವ್ವನ ಉಡ್ಯಾಗ ಹಾಕಿದ್ರಂತ. ಗಿರಣಿಯಾಂವ ಆಕಿ ಕಾಲು ಹಿಡದು ಅತ್ತನಂತ."

ನಾನು ನೆಲ ನೋಡುತ್ತ ಕೂತೆ.

"ನಿಮಗೇನು ಹೇಳಿದ್ರು?"

"ಅದನ್ನ ಹೇಳಿದ್ರಕ್ಕ" ಎಂದೆ.

ಅಕ್ಕ ನನ್ನ ಮುಖ ನೋಡಿದರು. ಅತ್ತು ಕೆಂಪಾದ ಕಣ್ಣಿನಲ್ಲೇ ಸಣ್ಣಗೆ ನಕ್ಕರು.

"ನಿಮಗೂ ಸುಳ್ಳು ಹೇಳಾಕ ಬರಂಗಿಲ್ಲ ತಂಗಿ, ಅವರಿಗೂ ಬರ್ತಿದ್ದಿಲ್ಲ. ಹೇಳೋವಾಗ ತಡವರಿಸಾಕತ್ತಿದ್ರು. ಸತ್ತ ಕುದುರಿ ಬದುಕೇದ ಅಂತ ಕೂಸುಗಳಿಗೆ ಹೇಳಲಾರದ ಮನಷ್ಯಾ. ನನ್ನ ಸಲುವಾಗಿ ಅಷ್ಟು ದೊಡ್ಡ ಸುಳ್ಳು ಕಟ್ಟಿಕೊಂಡು ಬಂದಾರಲ್ಲ, ಇನ್ನ ಇವರನ್ನ ಒಬ್ಬರನ್ನ ಹೆಂಗ ಬಿಡ್ಲಿ ಅನಿಸ್ತು. ಮರುದಿನ ಬಸ್ಸು ಹತ್ತಿ ಬಂದುಬಿಟ್ಟೆ."